ಗ್ರಾಮ ದೂರವಾಣಿ ಕೇಂದ್ರವೂ ಅದರ ತಂತ್ರಾಂಶವೂ

ಅರಸೀಕೆರೆ ತಾಲ್ಲೂಕಿನ ಜಾವಗಲ್ಲನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲುದು ಅಲ್ಲಿಯ ಲಕ್ಷ್ಮೀನರಸಿಂಹ ದೇವಾಲಯದಿಂದ. 13ನೆಯ ಶತಮಾನದ ಆ ಹೊಯ್ಸಳ ತ್ರಿಕೂಟವನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ಅಂಥ ಹೋಬಳಿ ಕೇಂದ್ರಗಳನ್ನು ಹೊರಲೋಕದೊಡನೆ ಬೆಸೆದ ದೂರವಾಣಿಯ ಚರಿತ್ರೆಯನ್ನು ಇಂಜಿನಿಯರರ ಪಾಲಿಗೆ ಬಿಟ್ಟು ನಾವು ಸುಮ್ಮನಿದ್ದೇವೆ. ಈ ಔದಾಸೀನ್ಯ ಸಲ್ಲದೆಂದು ನನ್ನ ಅಭಿಪ್ರಾಯ.

1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಮೊದಲು ಸ್ಟ್ರೌಜರ್ ಯಂತ್ರಗಳನ್ನೂ ಮುಂದೆ ಕ್ರಾಸ್‌ಬಾರ್ ಯಂತ್ರಗಳನ್ನೂ ತಯಾರಿಸಿತು. ಇವೆರಡರಲ್ಲಿಯೂ ಕರೆಯನ್ನು ಎಲ್ಲಿಗೆ ಒಯ್ಯಬೇಕೆಂಬ ವಿವೇಕವು ತಂತಿ, ರಿಲೇಗಳ ಜೋಡಣೆಯಲ್ಲಿಯೇ ಅಡಗಿದ್ದಿತು; ಹೊಸ ಸೌಲಭ್ಯವೊಂದನ್ನು ಕೊಡಬೇಕಾದರೆ ಆ ಜೋಡಣೆಗೇ ಕೈಹಾಕಬೇಕಾಗುತ್ತಿತ್ತು. 1965ರಲ್ಲಿ ಅಮೆರಿಕದ ನ್ಯೂಜೆರ್ಸಿ ಪ್ರಾಂತದ ಸಕಸನ್ನಾ ಎಂಬಲ್ಲಿ ಬೆಲ್ ಸಂಸ್ಥೆಯು ಈ ವಿವೇಕವನ್ನು ಲೋಹದಿಂದ ಬೇರ್ಪಡಿಸಿ, ಯಂತ್ರದ ಸ್ಮೃತಿಯಲ್ಲಿ ಬರೆದಿಟ್ಟ ಆದೇಶಸರಣಿಗೆ ವಹಿಸಿತು. ದೂರವಾಣಿಯ ಸೇವೆಯನ್ನು ಕಟ್ಟುವುದಕ್ಕೆ ಬದಲಾಗಿ ಬರೆಯುವ ಯುಗ ಹೀಗೆ ಮೊದಲಾಯಿತು.

ಭಾರತದಲ್ಲಿ ಆ ವಿದ್ಯೆಯನ್ನು ಸ್ವಂತವಾಗಿ ಸಾಧಿಸಲು 1984ರ ಆಗಸ್ಟ್ ತಿಂಗಳಿನಲ್ಲಿ ಸಿ-ಡಾಟ್ ಸಂಸ್ಥೆಯು ಹುಟ್ಟಿತು. ಸ್ಯಾಮ್ ಪಿತ್ರೋಡಾ, ಜಿ. ಬಿ. ಮೀಮಾಂಸಿ ಮೊದಲಾದವರು ಅದರ ಆದ್ಯರು. ದೆಹಲಿ, ಬೆಂಗಳೂರುಗಳಲ್ಲಿ ತರುಣ ಇಂಜಿನಿಯರರು ಕೆಲಸಕ್ಕೆ ತೊಡಗಿದರು. 36 ಕೋಟಿ ರೂಪಾಯಿ, 36 ತಿಂಗಳು ಎಂಬ ಅದರ ಪ್ರತಿಜ್ಞೆ ಪ್ರಸಿದ್ಧವಾದುದು. ನಗರಗಳಿಗೆಂದು ಉದ್ದೇಶಿಸಿದ್ದ ಬೃಹತ್ ಕೇಂದ್ರವು ಆ ಅವಧಿಯೊಳಗೆ ಸಿದ್ಧವಾಗಲಿಲ್ಲವೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಗ್ರಾಮಗಳಿಗಾಗಿ ರೂಪಿಸಿದ ಚಿಕ್ಕ ಸ್ವಯಂಚಾಲಿತ ಕೇಂದ್ರವು 1986ರ ಜುಲೈಯಲ್ಲಿ ನಮ್ಮ ಕಿತ್ತೂರಿನಲ್ಲಿಯೇ ಮೊದಲು ಕೆಲಸಮಾಡಿತು. ಚೆನ್ನಮ್ಮನ ಊರಿಗೆ ಬರುವ ಪ್ರವಾಸಿಗರಲ್ಲಿ ಇದನ್ನು ಬಲ್ಲವರು ವಿರಳ.

ಅದರ ವೈಶಿಷ್ಟ್ಯವೇನು? ಪಾಶ್ಚಾತ್ಯ ದೇಶಗಳಲ್ಲಿ ಮನೆಗೊಂದು ದೂರವಾಣಿ. ಒಂದೊಂದರಿಂದ ಹೊರಡುವ ಕರೆಗಳು ಕಡಿಮೆ. ನಮ್ಮಲ್ಲಿಯಾದರೋ ಅಂಗಡಿಯ ಒಂದೇ ಯಂತ್ರವನ್ನು ಊರೆಲ್ಲ ಬಳಸುತ್ತಿದ್ದಿತು. ಆದುದರಿಂದ ಸಾಲುಗಳು ಕೆಲವೇ ಆದರೂ ಕರೆಗಳ ಒತ್ತಡ ಅಧಿಕ. ಇದರ ಮೇಲೆ ಬಿಸಿಲು, ಧೂಳು, ವಿದ್ಯುತ್ತಿನ ಅಭಾವ. ಹವಾನಿಯಂತ್ರಣವಿಲ್ಲದ ಸಾಮಾನ್ಯ ಕೊಠಡಿಯಲ್ಲಿ ನಡೆಯುವಂತೆ 128 ಸಾಲುಗಳ ಈ ಪುಟ್ಟ ಕೇಂದ್ರವನ್ನು ನಿರ್ಮಿಸಲಾಯಿತು.

ತಂತ್ರಾಂಶದ ವಿಷಯದಲ್ಲಿ ಚರಿತ್ರಕಾರನು ಗಮನಿಸತಕ್ಕ ಅಂಶವೊಂದುಂಟು. ಇಂಥ ಕೇಂದ್ರಗಳಲ್ಲಿ ಕರೆಯನ್ನು ನಡೆಸುವ ಆದೇಶಗಳು ಒಂದು ಬಗೆ, ಆಯಾ ಊರಿನ ವಿವರಗಳು ಮತ್ತೊಂದು ಬಗೆ. ಯಾವ ಸಂಖ್ಯೆ ಯಾವ ಸಾಲಿಗೆ, ಯಾರಿಗೆ ದೂರದೂರಿನ ನೇರ ಕರೆಯ ಸೌಲಭ್ಯವುಂಟು, ಹೊರಗಿನ ಕರೆ ಯಾವ ಮಾರ್ಗವಾಗಿ ಸಾಗಬೇಕು ಎಂಬುದೆಲ್ಲ ಈ ಎರಡನೆಯದು. ಕಿತ್ತೂರಿಗೆ ಬರೆದ ಆದೇಶಸರಣಿಯೇ ಜಾವಗಲ್ಲಿನಂಥ ಊರಿಗೂ ಸಾಲುತ್ತದೆ. ಬದಲಾಗಬೇಕಾದುದು ಊರಿನ ವಿವರ ಮಾತ್ರ. ಕಂದಾಯ ಇಲಾಖೆಯಲ್ಲಿ ಕಾನೂನು ಒಂದೇ ಆಗಿದ್ದು ಪಹಣಿಗಳು ಬೇರೆಯಾಗಿರುವಂತೆ ಎನ್ನಬಹುದು. ಈ ವಿಭಜನೆಯಿಂದಲೇ, ಹಾಗೂ ವಿನ್ಯಾಸವನ್ನು ಹಲವು ಕಾರ್ಖಾನೆಗಳಿಗೆ ಹಂಚಿದುದರಿಂದಲೇ, ಗ್ರಾಮ ಕೇಂದ್ರಗಳು ದೇಶದಾದ್ಯಂತ ಹಬ್ಬಿದವು.

ಆದರೂ ತಂತ್ರಾಂಶವು ಸರ್ವಶಕ್ತವಲ್ಲ. ಬ್ಯಾಟರಿ ಬರಿದಾದರೆ, ತಾಲ್ಲೂಕು ಕೇಂದ್ರದ ತಂತಿ ಕಡಿದರೆ, ಎಷ್ಟೇ ಶುದ್ಧವಾಗಿ ಬರೆದ ಆದೇಶವೂ ಊರಿನ ಮೌನವನ್ನು ನೀಗಲಾರದು. 2011ರಲ್ಲಿ ಮಂಜೂರಾದ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯು ಗ್ರಾಮಪಂಚಾಯಿತಿಗಳಿಗೆ ಬೆಳಕಿನ ಎಳೆಯನ್ನು ಒಯ್ಯಲು ಹೊರಟುದು ಈ ಕೊರತೆಯನ್ನು ಕಂಡೇ. 2025ರಲ್ಲಿ ಬಿ.ಎಸ್.ಎನ್.ಎಲ್. ಲೋಕಾರ್ಪಣಗೊಳಿಸಿದ ಸ್ವದೇಶಿ 4ಜಿ ಜಾಲದಲ್ಲಿ ಗೋಪುರದ ರೇಡಿಯೋ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು. ಕರೆಗಳನ್ನು ನಿರ್ವಹಿಸುವ ಕೇಂದ್ರಭಾಗದ ತಂತ್ರಾಂಶ ಅದೇ ಸಿ-ಡಾಟ್‌ನದು.