ನಿಂತ ಮುಟ್ಟು ಮತ್ತೆ ಕಂಡರೆ: ಒಂದು ಮಾತ್ರೆಯ ನೂರು ವರ್ಷದ ಕಥೆ

ಆಶ್ವಯುಜ ಮಾಸ ಬಂತು, ಹಾಸನಾಂಬೆ ಗುಡಿಯ ಬಾಗಿಲು ತೆಗೆಯುವ ದಿನ ಹತ್ತಿರವಾಯಿತು ಎಂದರೆ ನಮ್ಮ ಕಡೆ ಹೆಂಗಸರ ಮನಸ್ಸಿನಲ್ಲಿ ಒಂದು ಲೆಕ್ಕ ಶುರುವಾಗುತ್ತದೆ. ದರ್ಶನ ಸಿಗೋದೇ ವರ್ಷಕ್ಕೊಂದು ಸಲ. ಆ ದಿನವೇ ಹೊರಗಾದರೆ? ಹೊಳೆನರಸೀಪುರವಾಗಲಿ, ಅರಕಲಗೂಡಾಗಲಿ, ಚನ್ನರಾಯಪಟ್ಟಣವಾಗಲಿ, ಮೆಡಿಕಲ್ ಸ್ಟೋರಿನಲ್ಲಿ ಮೆಲ್ಲಗೆ "ಮುಟ್ಟು ಮುಂದಕ್ಕೆ ಹೋಗೋ ಮಾತ್ರೆ" ಅಂದರೆ ಸಾಕು, ಅರ್ಥವಾಗುತ್ತದೆ.

ಆ ಮಾತ್ರೆಯಲ್ಲಿರುವ ಔಷಧದ ಹೆಸರು ನೊರೆಥಿಸ್ಟೆರಾನ್. ಅದು 1951ರಲ್ಲಿ ಮೆಕ್ಸಿಕೋದ ಒಂದು ಪ್ರಯೋಗಾಲಯದಲ್ಲಿ ಮೊದಲು ತಯಾರಾಯಿತು. ನುಂಗುತ್ತಿರುವಷ್ಟು ದಿನ ಮುಟ್ಟು ತಡೆಯುತ್ತದೆ. ಬಿಟ್ಟ ಎರಡು ಮೂರು ದಿನಕ್ಕೆ ರಕ್ತ ಕಾಣುತ್ತದೆ. ಅಂದರೆ ಹೊರಗಿನಿಂದ ಹಾರ್ಮೋನು ಕೊಟ್ಟು ರಕ್ತಸ್ರಾವ ನಿಲ್ಲಿಸಬಹುದು, ಮತ್ತೆ ಬರಿಸಲೂಬಹುದು. ಈ ಮಾತ್ರೆ ನುಂಗಿದ ಹೆಂಗಸರಿಗೆಲ್ಲ ಇದು ಅನುಭವದಿಂದಲೇ ಗೊತ್ತು.

ಇದೇ ಔಷಧ ಇನ್ನೊಂದು ಕಡೆಯೂ ಬಳಕೆಯಾಗುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಬಿಸಿಯೇರಿ, ರಾತ್ರಿ ಬೆವರಿ, ನಿದ್ದೆ ಕೆಟ್ಟು ಒದ್ದಾಡುವವರಿಗೆ ವೈದ್ಯರು ಕೊಡುವ ಹಾರ್ಮೋನು ಚಿಕಿತ್ಸೆಯಲ್ಲಿ ಇದೂ ಒಂದು ಭಾಗ. ಅಲ್ಲಿಗೆ ಇದು ಹೇಗೆ ಬಂತು ಎಂಬುದರ ಹಿಂದೆ ಒಂದು ದೊಡ್ಡ ತಪ್ಪಿನ ಕಥೆಯಿದೆ. ಆ ತಪ್ಪಿನ ಪಾಠ ಇವತ್ತು ಹಾರ್ಮೋನು ನುಂಗುವವರಿಗೆ ಮಾತ್ರವಲ್ಲ, ಒಂದು ಮಾತ್ರೆಯನ್ನೂ ನುಂಗದ ನಮ್ಮ ಅಮ್ಮ, ಅತ್ತೆಯರಿಗೂ ಬೇಕು.

ಹನ್ನೆರಡು ತಿಂಗಳು ಒಂದೇ ಸಮನೆ ಮುಟ್ಟು ಬಾರದಿದ್ದರೆ ಅದು ನಿಂತಿತು ಎಂದು ಲೆಕ್ಕ. ನಮ್ಮ ದೇಶದಲ್ಲಿ ಇದು ಸರಾಸರಿ 46–47ರ ಆಸುಪಾಸು. ಆಗ ಅಂಡಾಶಯದಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ತಯಾರಾಗುವುದು ಬಹಳ ಕಡಿಮೆಯಾಗುತ್ತದೆ.

ಅಂಡಾಶಯದಲ್ಲಿ ಇಂಥದೊಂದು ವಸ್ತು ಇದೆ ಎಂದು ಅಮೆರಿಕದ ಎಡ್ಗರ್ ಆಲನ್ ಮತ್ತು ಎಡ್ವರ್ಡ್ ಡಾಯ್ಸಿ 1923ರಲ್ಲಿ ತೋರಿಸಿದರು. 1929ರಲ್ಲಿ ಅದನ್ನು ಶುದ್ಧವಾಗಿ ಬೇರ್ಪಡಿಸಲಾಯಿತು. ಅದರ ಮರುವರ್ಷ, 1930ರಲ್ಲಿ, ಹಾಸನ ಜಿಲ್ಲೆಯೂ ಸೇರಿದ್ದ ಮೈಸೂರು ಸಂಸ್ಥಾನ ಬೆಂಗಳೂರು ಮತ್ತು ಮೈಸೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೊಂದು ಇಂಥ ಕೆಲಸಕ್ಕೆ ಕೈ ಹಾಕಿದ್ದು ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ನಮಗೆ ಹೆಮ್ಮೆಯ ವಿಷಯ. ಆದರೆ ಒಂದು ಮಾತು: ಅಲ್ಲಿಂದ ಇಲ್ಲಿಯವರೆಗೆ ಸರ್ಕಾರದ ಕಣ್ಣು ಹೆರುವ ವಯಸ್ಸಿನ ಹೆಂಗಸಿನ ಮೇಲೆಯೇ ಇದೆ. ಬಸಿರು, ಹೆರಿಗೆ, ಆಪರೇಷನ್ ಎಲ್ಲಕ್ಕೂ ಒಂದೊಂದು ಕಾರ್ಡಿದೆ, ದಾಖಲೆಯಿದೆ. ಮುಟ್ಟು ನಿಂತ ಮೇಲೆ ಅವಳ ಮೈಯಲ್ಲಿ ಏನಾಗುತ್ತದೆ ಎಂದು ಕೇಳುವವರು ಕಡಿಮೆ.

ಅತ್ತ ಅಮೆರಿಕದಲ್ಲಿ 1942ರಲ್ಲಿ ಪ್ರೆಮರಿನ್ ಎಂಬ ಮಾತ್ರೆ ಮಾರುಕಟ್ಟೆಗೆ ಬಂತು. ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಅದು. ಮೈ ಬಿಸಿ ಇಳಿಯಿತು, ನಿದ್ದೆ ಬಂತು, ಹೆಂಗಸರಿಗೆ ನೆಮ್ಮದಿ ಸಿಕ್ಕಿತು. ಇದು ಸುಳ್ಳಲ್ಲ. 1966ರಲ್ಲಿ ನ್ಯೂಯಾರ್ಕಿನ ವೈದ್ಯ ರಾಬರ್ಟ್ ವಿಲ್ಸನ್ ಒಂದು ಪುಸ್ತಕ ಬರೆದು, ಮುಟ್ಟು ನಿಲ್ಲುವುದೇ ಒಂದು ರೋಗ, ಈಸ್ಟ್ರೋಜನ್ ನುಂಗಿದರೆ ಹೆಣ್ಣು ಎಂದೆಂದಿಗೂ ಹರೆಯದವಳಾಗಿರುತ್ತಾಳೆ ಎಂದು ಸಾರಿದ. ಪುಸ್ತಕ ಭಾರಿ ಮಾರಾಟವಾಯಿತು. ಔಷಧ ಕಂಪನಿಗಳಿಂದ ಅವನಿಗೆ ಹಣ ಬಂದಿತ್ತು ಎಂಬುದು ಆಮೇಲೆ ಹೊರಬಿತ್ತು. ಲಕ್ಷಾಂತರ ಹೆಂಗಸರು ವರ್ಷಗಟ್ಟಲೆ ಈಸ್ಟ್ರೋಜನ್ ಒಂದನ್ನೇ ನುಂಗಿದರು.

ಇಲ್ಲೇ ಎಡವಟ್ಟಾಯಿತು. ನಮ್ಮ ಹೊಲದ ಲೆಕ್ಕದಲ್ಲಿ ಹೇಳುವುದಾದರೆ, ಈಸ್ಟ್ರೋಜನ್ ಗೊಬ್ಬರವಿದ್ದಂತೆ. ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಆ ಬೆಳವಣಿಗೆಯನ್ನು ತಡೆದು ಪದರವನ್ನು ಮಾಗಿಸುತ್ತದೆ. ಅದರ ಪ್ರಮಾಣ ಇಳಿದಾಗ ಪದರ ಉದುರುತ್ತದೆ, ಅದೇ ಮುಟ್ಟು. ಬರೀ ಗೊಬ್ಬರ ಹಾಕುತ್ತಾ ಹೋಗಿ ಕೊಯ್ಲು ಮಾಡದಿದ್ದರೆ ಹೊಲ ಏನಾಗುತ್ತದೋ, ಒಳಪದರವೂ ಹಾಗೇ ಅಡ್ಡಾದಿಡ್ಡಿ ಬೆಳೆಯುತ್ತದೆ.

1975ರ ಡಿಸೆಂಬರ್‌ನಲ್ಲಿ ಅಮೆರಿಕದ ಪ್ರಮುಖ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಎರಡು ಅಧ್ಯಯನಗಳು ಒಟ್ಟಿಗೆ ಪ್ರಕಟವಾದವು. ಈಸ್ಟ್ರೋಜನ್ ನುಂಗಿದವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಪಾಯ ಒಂದರ ಪ್ರಕಾರ 4.5 ಪಟ್ಟು, ಇನ್ನೊಂದರ ಪ್ರಕಾರ 7.6 ಪಟ್ಟು ಹೆಚ್ಚು. ಮುಟ್ಟು ನಿಂತವರಿಗೆ ಮಾತ್ರೆ ನುಂಗುವಾಗ ಮತ್ತೆ ರಕ್ತ ಕಂಡರೆ ಅದು ಹರೆಯ ಮರಳಿದ್ದರ ಗುರುತಲ್ಲ, ಪರೀಕ್ಷೆ ಮಾಡಿಸಲೇಬೇಕಾದ ಸೂಚನೆ ಎಂಬುದು ಗಟ್ಟಿಯಾಯಿತು.

ಪರಿಹಾರವೂ ಸಿಕ್ಕಿತು. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಅಥವಾ ಅದೇ ಜಾತಿಯ ಔಷಧ ಕೊಡಲೇಬೇಕು. ಹಬ್ಬದ ಮಾತ್ರೆಯ ನೊರೆಥಿಸ್ಟೆರಾನ್ ಈ ಜಾತಿಯದೇ. ಜೊತೆಗೆ ಕೊಡದಿದ್ದರೆ ಏನಾಗುತ್ತದೆ ಎಂದು 1996ರಲ್ಲಿ ಪ್ರಕಟವಾದ ಪೆಪಿ ಎಂಬ ಅಧ್ಯಯನ ಇನ್ನೊಮ್ಮೆ ತೋರಿಸಿತು. ಮೂರು ವರ್ಷ ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡ ಗರ್ಭಕೋಶವಿದ್ದ ಹೆಂಗಸರಲ್ಲಿ ನೂರಕ್ಕೆ 62 ಮಂದಿಗೆ ಒಳಪದರ ಅತಿಯಾಗಿ ಬೆಳೆದಿತ್ತು.

ನಮ್ಮ ದೇಶದಲ್ಲಿ ಹಾರ್ಮೋನಿನ ದುರ್ಬಳಕೆ ಇನ್ನೊಂದು ದಾರಿ ಹಿಡಿಯಿತು. ಮುಟ್ಟು ತಡವಾದರೆ "ಬರಿಸಲು", ಬಸಿರು ಹೌದೋ ಅಲ್ಲವೋ ನೋಡಲು, ಇ.ಪಿ. ಎಂದು ಕರೆಯುತ್ತಿದ್ದ ಹೆಚ್ಚು ಪ್ರಮಾಣದ ಈಸ್ಟ್ರೋಜನ್–ಪ್ರೊಜೆಸ್ಟರಾನ್ ಔಷಧ ಕೊಡುತ್ತಿದ್ದರು. ರಕ್ತ ಕಂಡರೆ ಬಸಿರಿಲ್ಲ, ಕಾಣದಿದ್ದರೆ ಬಸಿರು ಎಂಬ ಲೆಕ್ಕ. ಬಸಿರಾಗಿದ್ದರೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಎಂಬ ಭಯ. ಮಹಿಳಾ ಸಂಘಟನೆಗಳು ಹೋರಾಡಿದವು. 1982ರಲ್ಲಿ ಸರ್ಕಾರ ನಿಷೇಧಿಸಿದಾಗ ಕಂಪನಿಗಳು ಕೋರ್ಟಿಗೆ ಹೋದವು. ಕೊನೆಗೆ 1988ರಲ್ಲಿ ಹೆಚ್ಚು ಪ್ರಮಾಣದ ಮಾತ್ರೆಗೆ ತಡೆ ಬಿತ್ತು.

ಮುಟ್ಟು ನಿಂತವರ ಚಿಕಿತ್ಸೆಗೆ 2002ರ ಜುಲೈನಲ್ಲಿ ಮತ್ತೊಂದು ಏಟು. ಅಮೆರಿಕದಲ್ಲಿ 50ರಿಂದ 79 ವರ್ಷದ 16,608 ಹೆಂಗಸರ ಮೇಲೆ ನಡೆಯುತ್ತಿದ್ದ ದೊಡ್ಡ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಎರಡೂ ಹಾರ್ಮೋನು ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು ಹೆಚ್ಚಾಗಿತ್ತು. ಪತ್ರಿಕೆಗಳಲ್ಲಿ ಬಂದದ್ದು "ಸ್ತನ ಕ್ಯಾನ್ಸರ್ ಶೇ. 26 ಹೆಚ್ಚು" ಎಂದು. ಅದೇ ಲೆಕ್ಕವನ್ನು ಹೀಗೂ ಹೇಳಬಹುದಿತ್ತು: ವರ್ಷಕ್ಕೆ 10,000 ಹೆಂಗಸರಲ್ಲಿ 8 ಪ್ರಕರಣ ಹೆಚ್ಚು. ಸೊಂಟದ ಮೂಳೆ ಮುರಿತ 5 ಕಡಿಮೆಯಾಗಿತ್ತು ಎಂಬುದೂ ಅದೇ ವರದಿಯಲ್ಲಿತ್ತು. ಅವರ ಸರಾಸರಿ ವಯಸ್ಸು 63. ಆದರೂ 48ರ ಹೆಂಗಸೂ ಹೆದರಿ ಮಾತ್ರೆ ಬಿಟ್ಟಳು, ವೈದ್ಯರೂ ಬರೆಯುವುದನ್ನು ಬಿಟ್ಟರು. ಮೊದಲು ಅತಿಯಾದ ಆಸೆ, ಆಮೇಲೆ ಅತಿಯಾದ ಭಯ.

ನಮ್ಮ ರಾಜ್ಯದ ಬಡ ಹೆಂಗಸರ ಕಥೆ ಬೇರೆ. ಅತಿ ರಕ್ತಸ್ರಾವ, ಬಿಳಿಸೆರಗು, ಹೊಟ್ಟೆನೋವು ಎಂದು ಹೋದವರಿಗೆ ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆದ ಪ್ರಕರಣಗಳು ಕಲಬುರಗಿಯಲ್ಲಿ ಬೆಳಕಿಗೆ ಬಂದವು. ಅಲ್ಲಿನ ಲಂಬಾಣಿ ಮತ್ತು ದಲಿತ ಮಹಿಳೆಯರು ಬೀದಿಗಿಳಿದರು, ಸರ್ಕಾರ ತನಿಖಾ ಸಮಿತಿ ಮಾಡಿತು. ನಮ್ಮ ನೆರೆಯ ಚಿಕ್ಕಮಗಳೂರು ಜಿಲ್ಲೆಯ ಬೀರೂರಿನಿಂದಲೂ ಇಂಥ ದೂರು ಕೇಳಿಬಂತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಲು ಎಲ್ಲ ರಾಜ್ಯಗಳಿಗೂ ಹೇಳಿತು.

ಮೂವತ್ತೈದರಲ್ಲೇ ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದರೆ ಮೈಯಲ್ಲಿ ಈಸ್ಟ್ರೋಜನ್ ಒಮ್ಮೆಲೇ ಬತ್ತುತ್ತದೆ. ಮೂಳೆ ಬೇಗ ಸವೆಯುತ್ತದೆ. ಹಾರ್ಮೋನು ಚಿಕಿತ್ಸೆ ಬೇರೆ ಅಡ್ಡಿಯಿಲ್ಲದಿದ್ದರೆ ಎಲ್ಲರಿಗಿಂತ ಹೆಚ್ಚು ಬೇಕಾದದ್ದು ಇವರಿಗೇ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ. ಗರ್ಭಕೋಶ ಇಲ್ಲದ್ದರಿಂದ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು, ಅದರಿಂದ ಮುಟ್ಟಿನಂಥ ರಕ್ತವೂ ಬರುವುದಿಲ್ಲ. ಆದರೆ ಆಪರೇಷನ್ ಆದ ಎಷ್ಟೋ ಜನರಿಗೆ ಅಂಡಾಶಯ ಉಳಿಸಿದ್ದಾರೋ ತೆಗೆದಿದ್ದಾರೋ ಎಂಬುದೇ ಗೊತ್ತಿರುವುದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರುತ್ತದೆ. ಹುಡುಕಿ ಓದಿಸಿ.

2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಗಳ ಮೇಲಿದ್ದ ಹೃದಯರೋಗ, ಸ್ತನ ಕ್ಯಾನ್ಸರ್, ಮರೆವಿನ ರೋಗದ ಅತಿ ಗಂಭೀರ ಎಚ್ಚರಿಕೆಗಳನ್ನು ತೆಗೆಸುವುದಾಗಿ ಪ್ರಕಟಿಸಿತು. ಆದರೆ ಒಂದನ್ನು ಮುಟ್ಟಲಿಲ್ಲ: ಈಸ್ಟ್ರೋಜನ್ ಒಂದನ್ನೇ ನುಂಗಿದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಪಾಯ ಎಂಬುದನ್ನು. 1975ರ ಪಾಠ ಐವತ್ತು ವರ್ಷವಾದರೂ ಹಾಗೇ ಉಳಿದಿದೆ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಚಿಕಿತ್ಸೆಯಲ್ಲಿ ಎರಡು ಕ್ರಮಗಳಿವೆ. ತಿಂಗಳಲ್ಲಿ ಕೆಲವೇ ದಿನ ಪ್ರೊಜೆಸ್ಟರಾನ್ ಸೇರಿಸಿದರೆ ತಿಂಗಳಿಗೊಮ್ಮೆ ರಕ್ತ ಬರುವುದು ಸಹಜ. ಎರಡನ್ನೂ ದಿನಾ ಕೊಟ್ಟರೆ ಮೊದಲ ಮೂರರಿಂದ ಆರು ತಿಂಗಳು ಆಗಾಗ ಕಲೆ ಕಾಣಬಹುದು, ಆಮೇಲೆ ನಿಲ್ಲಬೇಕು. ಆರು ತಿಂಗಳಾದರೂ ನಿಲ್ಲದಿದ್ದರೆ, ಹೆಚ್ಚಾಗುತ್ತಾ ಹೋದರೆ, ಇಲ್ಲವೇ ನಿಂತದ್ದು ಮತ್ತೆ ಶುರುವಾದರೆ ತೋರಿಸಬೇಕು. ಎದೆ ಬಿಗಿತ, ವಾಕರಿಕೆ, ತಲೆನೋವು, ಹೊಟ್ಟೆ ಉಬ್ಬರ ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಇಳಿಯುತ್ತವೆ. ಒಂದೇ ಕಾಲು ಊದಿ ನೋವಾದರೆ, ಇದ್ದಕ್ಕಿದ್ದಂತೆ ಎದೆನೋವು ಬಂದರೆ, ಉಸಿರು ಕಟ್ಟಿದರೆ ಮಾತ್ರ ಕಾಯಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹಾರ್ಮೋನು ನುಂಗದವರಿಗೆ ನಿಯಮ ಇನ್ನೂ ಸರಳ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ ತೋರಿಸಬೇಕು. "ಮತ್ತೆ ಮುಟ್ಟಾದೆ ಕಣವ್ವಾ, ಉಷ್ಣ ಆಗಿರ್ಬೇಕು" ಎಂದು ನಕ್ಕು ಸುಮ್ಮನಾಗುವವರನ್ನು ನೀವೂ ನೋಡಿರುತ್ತೀರಿ. ಹೀಗೆ ರಕ್ತ ಕಂಡ ನೂರು ಹೆಂಗಸರಲ್ಲಿ ಒಳಪದರದ ಕ್ಯಾನ್ಸರ್ ಇರುವುದು ಸುಮಾರು ಒಂಬತ್ತು ಜನರಲ್ಲಿ. ಉಳಿದ ಹೆಚ್ಚಿನವರಲ್ಲಿ ಕಾರಣ ಸಣ್ಣದು: ಒಳಭಾಗ ಒಣಗಿದ್ದು, ಚಿಕ್ಕ ಗಡ್ಡೆ. ಹಾಗಾಗಿ ಗಾಬರಿ ಬೇಡ. ಆದರೆ ಆ ಕ್ಯಾನ್ಸರ್ ಇರುವ ಹತ್ತು ಹೆಂಗಸರಲ್ಲಿ ಒಂಬತ್ತು ಮಂದಿಗೆ ರಕ್ತ ಕಂಡೇ ಇರುತ್ತದೆ. ಬೇಗ ಸಿಕ್ಕರೆ ಹೆಚ್ಚಿನವರು ಗುಣವಾಗುತ್ತಾರೆ. ನಮ್ಮ ದೇಶದಲ್ಲಿ ಹೆಚ್ಚಾಗಿರುವ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಕೂಡ ಹೀಗೇ ರಕ್ತವಾಗಿ ಕಾಣಿಸಿಕೊಳ್ಳುತ್ತದೆ.

ಮೊದಲ ಪರೀಕ್ಷೆ ಕಷ್ಟದ್ದಲ್ಲ. ವೈದ್ಯರು ಒಳಗೆ ನೋಡುತ್ತಾರೆ, ಸ್ಕ್ಯಾನಿಂಗ್‌ನಲ್ಲಿ ಒಳಪದರದ ದಪ್ಪ ಅಳೆಯುತ್ತಾರೆ. ದಪ್ಪ 4 ಮಿಲಿಮೀಟರಿಗಿಂತ ಹೆಚ್ಚಿದ್ದರೆ, ಅಥವಾ ರಕ್ತ ಮತ್ತೆ ಮತ್ತೆ ಬಂದರೆ, ಸ್ವಲ್ಪ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಆ ವರದಿ ಬರುವ ಮೊದಲೇ "ಗರ್ಭಕೋಶ ತೆಗೆದುಬಿಡೋಣ" ಎಂದು ಯಾರಾದರೂ ಅಂದರೆ, ಯಾಕೆ ಎಂದು ಕೇಳುವ, ಇನ್ನೊಬ್ಬ ವೈದ್ಯರಿಗೆ ತೋರಿಸುವ ಹಕ್ಕು ನಿಮಗಿದೆ. ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆ, ಅಲ್ಲಿ ಆಗದ್ದಕ್ಕೆ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಹೋಗುವಾಗ ರಕ್ತ ಕಂಡ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ನುಂಗುವ ಮಾತ್ರೆಗಳ ಪಟ್ಟಿಯನ್ನೇ ಕೈಯಲ್ಲಿ ಹಿಡಿದು ಹೋಗಿ.

ಹೆಂಗಸರ ಕಾಯಿಲೆಗಳನ್ನು ಕನ್ನಡದಲ್ಲಿ ನಾಚಿಕೆಯಿಲ್ಲದೆ ಬರೆದವರಲ್ಲಿ ವೈದ್ಯೆ, ಕಾದಂಬರಿಗಾರ್ತಿ ಡಾ. ಅನುಪಮಾ ನಿರಂಜನ ಮುಖ್ಯರು. ಅವರು 1991ರಲ್ಲಿ ತೀರಿಕೊಂಡರು. ಅವರು ಪುಸ್ತಕದಲ್ಲಿ ಬರೆದಿಟ್ಟ ಮಾತು ಇನ್ನೂ ನಮ್ಮ ಜಗಲಿಗೆ ಇಳಿದಿಲ್ಲ. ಹಬ್ಬಕ್ಕೆ ಮುಟ್ಟು ಮುಂದೂಡುವ ಲೆಕ್ಕ ಬಲ್ಲ ನಮಗೆ, ನಿಂತ ಮುಟ್ಟು ಮತ್ತೆ ಕಂಡ ಲೆಕ್ಕವೂ ಗೊತ್ತಿರಬೇಕು. ಈ ಸಲ ದರ್ಶನದ ಸಾಲಿನಲ್ಲಿ ನಿಂತಾಗ ಪಕ್ಕದಲ್ಲಿರುವ ಅತ್ತೆಯನ್ನೋ ದೊಡ್ಡಮ್ಮನನ್ನೋ ಒಂದು ಮಾತು ಕೇಳಿ: "ನಿಂತ ಮೇಲೆ ಮತ್ತೆ ಏನಾದ್ರೂ ಕಾಣ್ತಾ?"