ಬುಕ್ಕರಾಯನ ತೀರ್ಪು

ಶ್ರೀನಿವಾಸಪುರದ ಕಡೆಯಿಂದ ತಿರುಮಲೆಗೆ ಯಾತ್ರೆ ಹೋಗುವ ನಮಗೆ, ಆ ಬೆಟ್ಟದ ಹೆಸರು ಶ್ರವಣಬೆಳಗೊಳದ ಶಾಸನದಲ್ಲಿ ಕಂಡರೆ ಅಚ್ಚರಿಯಾಗುತ್ತದೆ.

ಅದು 1368ರ ಮಾತು. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಹುಟ್ಟಿತು. ಆನೆಗೊಂದಿ, ಪೆನುಗೊಂಡೆ, ಕಲ್ಯ ಮೊದಲಾದ ಊರುಗಳ ಜೈನರು ತಮಗಾದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಯಾರ ದೇವರು ದೊಡ್ಡವರೆಂಬ ಚರ್ಚೆಗೆ ಅರಸನು ಹೋಗಲಿಲ್ಲ. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ, ಕಲಶಗಳ ಮರ್ಯಾದೆ ಜೈನರಿಗೆ ಹಿಂದಿನಂತೆಯೇ ಸಲ್ಲತಕ್ಕದ್ದೆಂದು ವಿಧಿಸಿದನು. ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಾಳುಗಳನ್ನು ನೇಮಿಸುವ ಹೊಣೆ ಬಿದ್ದುದು ತಿರುಮಲೆಯ ತಾತಯ್ಯನ ಮೇಲೆ! ಮಿಕ್ಕ ಹಣ ಜೀರ್ಣವಾದ ಜಿನಾಲಯಗಳ ದುರಸ್ತಿಗೆ.

ಆದರೆ ಆ ವೆಚ್ಚಕ್ಕಾಗಿ ವರ್ಷಕ್ಕೆ ಮನೆಗೊಂದು ಹಣ ತೆರಬೇಕಾದವರು ಜೈನರೇ. ಅನ್ಯಾಯಕ್ಕೊಳಗಾದವರೇ ಕಾವಲಿನ ಕೂಲಿಯನ್ನೂ ಕೊಡಬೇಕಾಯಿತು. ತೀರ್ಪಿನ ಹಿರಿಮೆಯನ್ನು ಹೊಗಳುವಾಗ ಈ ಲೆಕ್ಕವನ್ನು ಮರೆಯಲಾಗದು.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 25ನೆಯ ವಿಧಿಯು ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯಗಳ ಮಿತಿಯೊಳಗೆ ಧರ್ಮಸ್ವಾತಂತ್ರ್ಯವನ್ನು ಎಲ್ಲರಿಗೂ ಸಮನಾಗಿ ಕೊಟ್ಟಿದೆ. ಅದಕ್ಕೆ ಮನೆಗಂದಾಯವಿಲ್ಲ. ಆದರೂ ಕೈಯಲ್ಲಿ ಕೈಯಿರಿಸುವ ಕೆಲಸ ಕಾನೂನೊಂದರಿಂದಲೇ ಆಗದು. ಅದು ನೆರೆಮನೆಯವರಾದ ನಮ್ಮ ಪಾಲಿನದು.