ಚಲನ ನರಕೋಶ ರೋಗದಲ್ಲಿ ಉಸಿರಾಟದ ಸಮಸ್ಯೆ: ಒಂದು ಚಾರಿತ್ರಿಕ ಅವಲೋಕನ

ವೈದ್ಯಕೀಯ ಚರಿತ್ರೆಯ ಬರವಣಿಗೆಯಲ್ಲಿ ರೋಗಾಣುಗಳ ಶೋಧ, ಲಸಿಕೆ ಹಾಗೂ ಔಷಧಗಳ ಆವಿಷ್ಕಾರಗಳಿಗೆ ಸಹಜವಾಗಿಯೇ ಪ್ರಾಧಾನ್ಯ ದೊರೆತಿದೆ. ಗುಣಪಡಿಸಲಾಗದ ರೋಗಗಳ ಚರಿತ್ರೆಯ ಸ್ವರೂಪ ಇದಕ್ಕಿಂತ ಭಿನ್ನವಾದುದು. ಅಲ್ಲಿ ರೋಗವು ಹಾಗೆಯೇ ಉಳಿದಿದ್ದರೂ ಅದರೊಡನೆ ಬದುಕುವ ಬಗೆ ಬದಲಾಗಿರುತ್ತದೆ. ಚಲನ ನರಕೋಶ ರೋಗ, ವಿಶೇಷವಾಗಿ ಎ.ಎಲ್.ಎಸ್. ಎಂದು ಪ್ರಸಿದ್ಧವಾದ ಅಮಯೋಟ್ರೋಫಿಕ್ ಲ್ಯಾಟರಲ್ ಸ್ಕ್ಲೆರೋಸಿಸ್, ಇದಕ್ಕೆ ಸ್ಪಷ್ಟ ನಿದರ್ಶನ. ಈ ರೋಗಿಗಳ ಪೈಕಿ ಬಹುಪಾಲು ಜನರ ಸಾವಿಗೆ ಉಸಿರಾಟದ ವೈಫಲ್ಯವೇ ಕಾರಣ. ಒಂದು ಕಾಲಕ್ಕೆ ಅಂತ್ಯದ ಲಕ್ಷಣವೆಂದಷ್ಟೇ ಪರಿಗಣಿತವಾಗಿದ್ದ ಈ ವೈಫಲ್ಯವು ಕ್ರಮೇಣ ರೋಗಿಯ ಆಯ್ಕೆಯ ಪ್ರಶ್ನೆಯಾಗಿ ಮಾರ್ಪಟ್ಟ ಬಗೆಯು ಪರಿಶೀಲನೆಗೆ ಅರ್ಹವಾಗಿದೆ.

ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಜ್ಯಾಂ ಮಾರ್ಟಿನ್ ಶಾರ್ಕೋ 1869ರಲ್ಲಿ ಈ ರೋಗದ ಕುರಿತ ತನ್ನ ಶೋಧಗಳನ್ನು ಪ್ರಕಟಿಸಿ, 1874ರಲ್ಲಿ ಅದಕ್ಕೆ ಇಂದಿಗೂ ಬಳಕೆಯಲ್ಲಿರುವ ಹೆಸರನ್ನು ನೀಡಿದನು. ನಾಲಿಗೆ, ತುಟಿ ಹಾಗೂ ಗಂಟಲಿನ ಸ್ನಾಯುಗಳು ಕ್ರಮೇಣ ನಿಶ್ಚೇಷ್ಟಿತವಾಗುವ ಸ್ಥಿತಿಯನ್ನು ಅದಕ್ಕೂ ಮುನ್ನ, 1860ರಲ್ಲಿ, ದ್ಯೂಶೆನ್ ವರ್ಣಿಸಿದ್ದನು. ಜೀವಂತ ರೋಗಿಯಲ್ಲಿ ಕಂಡ ಲಕ್ಷಣಗಳನ್ನು ಮರಣೋತ್ತರ ಪರೀಕ್ಷೆಯಲ್ಲಿ ಬೆನ್ನುಹುರಿಯ ವಿಕೃತಿಗಳೊಡನೆ ತಾಳೆನೋಡುವುದು ಶಾರ್ಕೋನ ವಿಧಾನವಾಗಿತ್ತು. ರೋಗವನ್ನು ಗುರುತಿಸುವ ಈ ವಿಧಾನವು ಅಷ್ಟೇ ಸಮರ್ಥವಾಗಿದ್ದರೂ ಉಸಿರು ಕುಂದುತ್ತಿರುವ ರೋಗಿಗೆ ನೆರವಾಗುವ ಸಾಧನವೇನೂ ಆ ಕಾಲದಲ್ಲಿರಲಿಲ್ಲ.

ಈ ರೋಗದಲ್ಲಿ ಶ್ವಾಸಕೋಶಗಳು ಮೂಲತಃ ಆರೋಗ್ಯವಾಗಿಯೇ ಇರುತ್ತವೆ ಎಂಬುದನ್ನು ಇಲ್ಲಿ ಗಮನಿಸಬೇಕು. ಕುತ್ತಿಗೆಯ ಭಾಗದ ಬೆನ್ನುಹುರಿಯಿಂದ ಹೊರಟು ವಪೆಗೆ ಚಾಲನೆ ನೀಡುವ ನರಕೋಶಗಳು ನಾಶವಾಗುವುದರಿಂದ ವಪೆಯು ದುರ್ಬಲಗೊಳ್ಳುತ್ತದೆ. ಅಂಗಾತ ಮಲಗಿದಾಗ ಉಸಿರು ಕಟ್ಟಿದಂತಾಗುವುದು, ಪದೇಪದೇ ನಿದ್ರಾಭಂಗವಾಗುವುದು, ಬೆಳಗಿನ ತಲೆನೋವು, ಹಗಲಿನ ತೂಕಡಿಕೆ ಇವು ಆರಂಭದ ಸೂಚನೆಗಳು. ನಿದ್ರೆಯಲ್ಲಿ ಉಸಿರಾಟವು ಸಾಕಷ್ಟು ನಡೆಯದೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸಂಗ್ರಹವಾಗುವುದೇ ಇವುಗಳ ಹಿಂದಿನ ಕಾರಣ. ಇಂತಹ ಸ್ಥಿತಿಯಲ್ಲಿ ಆಮ್ಲಜನಕವನ್ನಷ್ಟೇ ನೀಡಿದರೆ ಕೊರತೆಯು ಮರೆಯಾಗಿ ಅಪಾಯ ಹೆಚ್ಚಬಹುದು. ಕೆಮ್ಮುವ ಶಕ್ತಿ ಕುಗ್ಗಿ ಕಫವು ಶ್ವಾಸನಾಳದಲ್ಲಿಯೇ ಉಳಿಯುವುದರಿಂದ ನ್ಯುಮೋನಿಯಾದ ಸಂಭವವೂ ಹೆಚ್ಚುತ್ತದೆ.

ಪರಿಹಾರದ ಮಾರ್ಗವು ಬೇರೊಂದು ರೋಗದ ಮೂಲಕ ತೆರೆದುಕೊಂಡಿತು. ಫಿಲಿಪ್ ಡ್ರಿಂಕರ್ ಮತ್ತು ಲೂಯಿ ಶಾ ರೂಪಿಸಿದ ಕಬ್ಬಿಣದ ಶ್ವಾಸಕೋಶವನ್ನು 1928ರಲ್ಲಿ ಬಾಸ್ಟನ್ನಿನಲ್ಲಿ ಪೋಲಿಯೋಪೀಡಿತ ಬಾಲಕಿಗೆ ಮೊದಲ ಬಾರಿಗೆ ಬಳಸಲಾಯಿತು. 1952ರ ಕೋಪನ್‌ಹೇಗನ್ ಪೋಲಿಯೋ ಸಾಂಕ್ರಾಮಿಕದ ಕಾಲದಲ್ಲಿ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಶ್ವಾಸನಾಳವನ್ನು ಛೇದಿಸಿ ಕೊಳವೆಯ ಮೂಲಕ ಗಾಳಿಯನ್ನು ಒಳದೂಡುವ ಕ್ರಮವನ್ನು ಸೂಚಿಸಿದನು. ವೈದ್ಯಕೀಯ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳೂ ಕೈಯಿಂದ ಚೀಲವನ್ನು ಒತ್ತುತ್ತಾ ರೋಗಿಗಳ ಉಸಿರನ್ನು ನಡೆಸಿದರು. ಪೋಲಿಯೋ ರೋಗಿಗಳಲ್ಲಿ ಅನೇಕರು ಚೇತರಿಸಿಕೊಂಡು ಸ್ವತಃ ಉಸಿರಾಡಬಲ್ಲವರಾಗುತ್ತಿದ್ದರು, ಎ.ಎಲ್.ಎಸ್. ರೋಗಿಗಳಲ್ಲಿ ಆ ಚೇತರಿಕೆಗೆ ಅವಕಾಶವಿಲ್ಲ. ಆದ್ದರಿಂದ ಇಲ್ಲಿ ಯಂತ್ರವನ್ನು ಆರಂಭಿಸುವ ನಿರ್ಣಯವು ಅದನ್ನು ಎಲ್ಲಿಯವರೆಗೆ ಮುಂದುವರಿಸಬೇಕೆಂಬ ಪ್ರಶ್ನೆಯನ್ನೂ ತನ್ನೊಡನೆ ತಂದಿತು.

ಈ ಪ್ರಶ್ನೆಯು ಲೋಕಪ್ರಸಿದ್ಧ ರೂಪವನ್ನು ತಾಳಿದ್ದು ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ಜೀವನದಲ್ಲಿ. 1963ರಲ್ಲಿ ರೋಗ ಪತ್ತೆಯಾದಾಗ ಅವರಿಗೆ ಸುಮಾರು ಎರಡು ವರ್ಷಗಳ ಆಯುಷ್ಯವನ್ನು ಅಂದಾಜು ಮಾಡಲಾಗಿತ್ತು. 1985ರಲ್ಲಿ ಜಿನೀವಾದಲ್ಲಿ ನ್ಯುಮೋನಿಯಾಕ್ಕೆ ತುತ್ತಾದಾಗ, ಯಂತ್ರದ ನೆರವನ್ನು ನಿಲ್ಲಿಸಬಹುದೇ ಎಂದು ವೈದ್ಯರು ಪತ್ನಿ ಜೇನ್ ಅವರನ್ನು ಕೇಳಿದರು. ಅವರು ನಿರಾಕರಿಸಿ ಪತಿಯನ್ನು ಕೇಂಬ್ರಿಜ್‌ಗೆ ಕರೆತಂದರು. ಶ್ವಾಸನಾಳ ಛೇದನದಿಂದ ಮಾತು ನಿಂತಿತು, ಜೀವ ಉಳಿಯಿತು. ಅವರ ಪ್ರಖ್ಯಾತ ಕೃತಿ 1988ರಲ್ಲಿ ಪ್ರಕಟವಾಯಿತು. ಅವರು ನಿಧನರಾದುದು 2018ರಲ್ಲಿ. ಅವರ ರೋಗದ ಗತಿ ಅಪವಾದಾತ್ಮಕವಾಗಿ ನಿಧಾನವಾಗಿತ್ತೆಂಬುದು ನಿಜ. ಆದರೂ ಅಂತಹ ನಿರ್ಣಯವನ್ನು ಪ್ರಜ್ಞಾಹೀನ ರೋಗಿಯ ಹಾಸಿಗೆಯ ಬಳಿ, ಆತನ ಪರವಾಗಿ ಇನ್ನೊಬ್ಬರು ಕೈಗೊಳ್ಳಬೇಕಾಯಿತೆಂಬುದು ವಿಚಾರಾರ್ಹ ಸಂಗತಿ.

ಛೇದನವಿಲ್ಲದೆ ನೆರವು ನೀಡುವ ದಾರಿಯೂ ಇದೇ ದಶಕದಲ್ಲಿ ರೂಪುಗೊಂಡಿತು. ನಿದ್ರೆಯಲ್ಲಿ ಉಸಿರುಕಟ್ಟುವ ತೊಂದರೆಗಾಗಿ ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ಮೂಗಿನ ಮುಖವಾಡದ ವಿಧಾನವನ್ನು ಪ್ರಕಟಿಸಿದರು. ಮುಖವಾಡದ ಮೂಲಕ ಉಸಿರಾಟಕ್ಕೆ ನೆರವಾಗುವ ಕ್ರಮವು ಮುಂದೆ ನರಸ್ನಾಯು ರೋಗಗಳಿಗೂ ವಿಸ್ತರಿಸಿತು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 41 ಎ.ಎಲ್.ಎಸ್. ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವು, ಗಂಟಲಿನ ಸ್ನಾಯುಗಳು ತೀವ್ರವಾಗಿ ಕೆಡದಿದ್ದ ರೋಗಿಗಳಲ್ಲಿ ಆಯುಷ್ಯದ ಮಧ್ಯಕ ಮೌಲ್ಯವು 205 ದಿನಗಳಷ್ಟು ಹೆಚ್ಚಿದುದನ್ನೂ ಜೀವನದ ಗುಣಮಟ್ಟ ಸುಧಾರಿಸಿದುದನ್ನೂ ತೋರಿಸಿತು. ಗಂಟಲಿನ ಸ್ನಾಯುಗಳು ತೀವ್ರವಾಗಿ ಬಾಧಿತವಾಗಿದ್ದವರಲ್ಲಿ ಆಯುಷ್ಯ ವೃದ್ಧಿಸಲಿಲ್ಲ. ಎಲ್ಲ ಉಪಕರಣಗಳೂ ಹಿತಕರವೆಂದೂ ಹೇಳಲಾಗದು: ವಪೆಗೆ ವಿದ್ಯುತ್ ಪ್ರಚೋದನೆ ನೀಡುವ ಸಾಧನವನ್ನು ಪಡೆದವರು ಅದನ್ನು ಪಡೆಯದವರಿಗಿಂತ ಬೇಗ ಮರಣಹೊಂದಿದರೆಂದು ಬ್ರಿಟನ್ನಿನ 2015ರ ಅಧ್ಯಯನ ತಿಳಿಸಿತು.

ದಕ್ಷಿಣ ಭಾರತದ ವೈದ್ಯರ ಕೊಡುಗೆಯೂ ಈ ಚರಿತ್ರೆಯಲ್ಲಿ ಉಲ್ಲೇಖನೀಯ. ಎಳೆಯ ವಯಸ್ಸಿನವರಲ್ಲಿ ಕಾಣಿಸಿಕೊಂಡು ಕಿವುಡುತನ ಹಾಗೂ ಗಂಟಲಿನ ಸ್ನಾಯುಗಳ ದೌರ್ಬಲ್ಯವನ್ನು ತರುವ ಪ್ರಭೇದವನ್ನು ಮದರಾಸಿನ ಮೀನಾಕ್ಷಿಸುಂದರಂ ಮತ್ತು ಸಂಗಡಿಗರು 1970ರಲ್ಲಿ ವರದಿ ಮಾಡಿದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಎಂ. ಗೌರಿದೇವಿ ಮತ್ತು ಸಹೋದ್ಯೋಗಿಗಳು 1980ರ ದಶಕದಲ್ಲಿ ಈ ಅಧ್ಯಯನವನ್ನು ವಿಸ್ತರಿಸಿದರು. ಈ ಪ್ರಭೇದದ ಗತಿ ನಿಧಾನ. ರೋಗಿಗಳು ದೀರ್ಘಕಾಲ ಬದುಕುತ್ತಾರೆ. ಉಸಿರಾಟದ ಪ್ರಶ್ನೆಯು ಎಲ್ಲರಿಗೂ ಒಂದೇ ಕಾಲದಲ್ಲಿ, ಒಂದೇ ತೀವ್ರತೆಯಲ್ಲಿ ಎದುರಾಗುವುದಿಲ್ಲ ಎಂಬ ಅಂಶವು ಇದರಿಂದ ದೃಢಪಡುತ್ತದೆ.

ಆಯ್ಕೆಯು ಸಮಾಜದ ಆಸರೆಯನ್ನೂ ಅವಲಂಬಿಸಿದೆ. ಮನೆಯಲ್ಲಿ ಯಂತ್ರವನ್ನು ನಡೆಸಲು ನಿರಂತರ ವಿದ್ಯುತ್ತು, ಹಣ, ಹಗಲಿರುಳಿನ ಆರೈಕೆ ಬೇಕು. ಅಂತಹ ಆಸರೆ ದೊರೆತಲ್ಲಿ ಬದುಕು ಎಷ್ಟು ವಿಸ್ತಾರಗೊಳ್ಳಬಲ್ಲದೆಂಬುದಕ್ಕೆ ಉಸಿರಾಟದ ಯಂತ್ರವನ್ನು ಬಳಸುತ್ತಿದ್ದ ಯಸುಹಿಕೋ ಫುನಾಗೊ 2019ರಲ್ಲಿ ಜಪಾನಿನ ಸಂಸತ್ತಿನ ಮೇಲ್ಮನೆಗೆ ಆಯ್ಕೆಯಾದುದು ನಿದರ್ಶನ. ಭಾರತದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಘನತೆಯ ಮರಣದ ಹಕ್ಕನ್ನೂ ಮುಂಗಡ ಇಚ್ಛಾಪತ್ರವನ್ನೂ ಮಾನ್ಯಮಾಡಿ, 2023ರಲ್ಲಿ ಅದರ ವಿಧಿವಿಧಾನಗಳನ್ನು ಸರಳಗೊಳಿಸಿತು. ಅದರ ಅನುಷ್ಠಾನಕ್ಕಾಗಿ ಕರ್ನಾಟಕ ಸರ್ಕಾರವು 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಆದರೆ ನಿರಾಕರಿಸುವ ಹಕ್ಕು ಅರ್ಥಪೂರ್ಣವಾಗುವುದು ಸ್ವೀಕರಿಸುವ ಸಾಧ್ಯತೆಯೂ ನೈಜವಾಗಿದ್ದಾಗ ಮಾತ್ರ. ಖರ್ಚಿನ ಭಯದಿಂದ ಯಂತ್ರವನ್ನು ಬೇಡವೆನ್ನುವುದು ಆಯ್ಕೆಯೆನಿಸದು.

ಒಟ್ಟಿನಲ್ಲಿ, ಶಾರ್ಕೋನ ಕಾಲದಲ್ಲಿ ಉತ್ತರವಿಲ್ಲದಿದ್ದ ಸ್ಥಿತಿಗೆ ಇಪ್ಪತ್ತನೆಯ ಶತಮಾನವು ಸಾಧನಗಳನ್ನು ಒದಗಿಸಿತು. ಆ ಸಾಧನಗಳ ಬಳಕೆಯ ಬಗ್ಗೆ ರೋಗಿಯನ್ನು ಯಾವಾಗ ಕೇಳಬೇಕೆಂಬುದು ಅವು ಬಿಟ್ಟುಹೋದ ಪ್ರಶ್ನೆ. ಈ ರೋಗವು ಅನೇಕರಲ್ಲಿ ಉಸಿರಿಗೂ ಮೊದಲೇ ಮಾತನ್ನು ಕಸಿದುಕೊಳ್ಳುತ್ತದೆ. ಆದ್ದರಿಂದ ಮಾತು ಉಳಿದಿರುವಾಗಲೇ ರೋಗಿಯ ಇಚ್ಛೆಯನ್ನು ಕೇಳಿ ದಾಖಲಿಸುವುದು ಚಿಕಿತ್ಸೆಯ ಮೊದಲ ಕರ್ತವ್ಯಗಳಲ್ಲೊಂದಾಗಬೇಕೆಂಬುದು ಈ ಚರಿತ್ರೆಯಿಂದ ತಿಳಿದುಬರುವ ಸತ್ಯ.